ಕೇಪಿನ ಬಂದೂಕಿಗೆ ಹೊರಗೆ ಮಾಡಿಸಿದ ಬ್ರೀಚ್ ಪ್ಲಗ್: ಪರೀಕ್ಷೆ ಮತ್ತು ತೊಳೆಯುವ ಕ್ರಮ

ಪ್ರಶ್ನೆ: ನಮ್ಮದು ಹಾನಗಲ್ ತಾಲೂಕು. ಬೆಳೆ ರಕ್ಷಣೆಗೆಂದು ತಂದೆಯವರ ಹೆಸರಿನಲ್ಲಿದ್ದ ಒಂಟಿ ನಳಿಗೆಯ ಕೇಪಿನ ಬಂದೂಕಿನ (ಬಾಯಿಯಿಂದ ಮದ್ದು ತುಂಬಿ ಕೇಪಿನ ಕಿಡಿಯಿಂದ ಹಾರಿಸುವಂಥದ್ದು) ಪರವಾನಗಿ, ಅವರು ತೀರಿಕೊಂಡ ಮೇಲೆ ನನ್ನ ಹೆಸರಿಗೆ ಬಂದಿದೆ. ಮೂಲ ಬ್ರೀಚ್ ಪ್ಲಗ್, ಅಂದರೆ ನಳಿಗೆಯ ಹಿಂದಿನ ಬಾಯಿ ಮುಚ್ಚುವ ತಿರುಪಿನ ಬಿರಡೆ, ತುಕ್ಕು ತಿಂದು ಹಾಳಾಗಿತ್ತೆಂದು ಅವರು ಎಂದೋ ಹೊರಗೆ ಮಾಡಿಸಿದ ಬೇರೆ ಪ್ಲಗ್ ಹಾಕಿಸಿದ್ದಾರೆ; ಯಾರು ಹಾಕಿದರು, ಯಾವಾಗ ಹಾಕಿದರು ಎಂಬುದಕ್ಕೆ ಕಾಗದವಿಲ್ಲ. ಬಂದೂಕನ್ನು ಗಿಡಕ್ಕೆ ಕಟ್ಟಿ, ದೂರದಿಂದ ಹುರಿ ಎಳೆದು ಒಮ್ಮೆ ಹಾರಿಸಿ ನೋಡಿದರೆ ಸಾಕೇ? ಅಮೆರಿಕದಲ್ಲಿರುವ ನಮ್ಮ ಅಳಿಯಂದಿರು ಪ್ರತಿ ಸಲ ಪ್ಲಗ್ ಬಿಚ್ಚಿಯೇ ತೊಳೆಯಬೇಕು ಎನ್ನುತ್ತಾರೆ. ಊರಿನ ಹಿರಿಯರು ಚಿಮಣಿ ಎಣ್ಣೆ (ಸೀಮೆಎಣ್ಣೆ) ಹಾಕಿ ಒರೆಸಿದರೆ ಸಾಕು ಎನ್ನುತ್ತಾರೆ. ಯಾವುದು ಸರಿ?

ಉತ್ತರ: ಗಿಡಕ್ಕೆ ಕಟ್ಟಿ ಹಾರಿಸಬೇಡಿ. ನಿಮ್ಮ ಪತ್ರದಲ್ಲಿರುವ ಎಲ್ಲ ಪ್ರಶ್ನೆಗಳಿಗಿಂತ ಮೊದಲು ಇದಕ್ಕೆ ಉತ್ತರ ಕೊಡಬೇಕಾಗಿದೆ, ಏಕೆಂದರೆ ನಮ್ಮ ಕಡೆ ಹಳ್ಳಿಗಳಲ್ಲಿ ಇದನ್ನೇ ಪರೀಕ್ಷೆ ಎಂದು ನಂಬಿದವರು ಬಹಳ. ಶಸ್ತ್ರಾಸ್ತ್ರ ಕಾಯ್ದೆ, 1959ರ 5ನೇ ಕಲಮಿನ ಪ್ರಕಾರ ಬಂದೂಕನ್ನು ತಯಾರಿಸುವುದಕ್ಕೆ, ಮಾರುವುದಕ್ಕೆ ಮಾತ್ರವಲ್ಲ, ದುರಸ್ತಿ ಮಾಡುವುದಕ್ಕೂ ಅದರ ಬಲವನ್ನು ಪರೀಕ್ಷಿಸುವುದಕ್ಕೂ ಪ್ರತ್ಯೇಕ ಪರವಾನಗಿ ಬೇಕು. ನಿಮ್ಮ ಕೈಯಲ್ಲಿರುವುದು ಬಂದೂಕನ್ನು ಇಟ್ಟುಕೊಳ್ಳುವ ಪರವಾನಗಿ. ಅದು ಈ ಕೆಲಸಕ್ಕೆ ಸಲ್ಲುವುದಿಲ್ಲ. ಹುಬ್ಬಳ್ಳಿಯ ಗೋಕುಲ ರಸ್ತೆಯಲ್ಲೋ ತಾರಿಹಾಳದಲ್ಲೋ ಎಂಥ ನಾಜೂಕಿನ ಕೆಲಸವನ್ನಾದರೂ ಮಾಡಿಕೊಡುವ ಲೇತ್ ಕೆಲಸಗಾರರಿದ್ದಾರೆ, ಅವರ ಕೈಗುಣದ ಬಗ್ಗೆ ನನಗೆ ಗೌರವವಿದೆ. ಆದರೆ ಆ ಪರವಾನಗಿ ಇಲ್ಲದವರು ಬ್ರೀಚ್ ಪ್ಲಗ್ ತಿರುವಿ ಕೊಡುವುದು ಅವರಿಗೂ ಅಪಾಯ, ಮಾಡಿಸಿಕೊಂಡವರಿಗೂ ಅಪಾಯ.

ಕಾನೂನನ್ನು ಬದಿಗಿಟ್ಟು ನೋಡಿದರೂ ಆ ಪರೀಕ್ಷೆಗೆ ಅರ್ಥವಿಲ್ಲ. ಎರಡು ಪಟ್ಟು ಮದ್ದು ತುಂಬಿ ಹಾರಿಸಿದಾಗ ನಳಿಗೆ ಒಡೆಯಲಿಲ್ಲ ಎಂದರೆ, ಆ ಒಂದು ಸಲ ಒಡೆಯಲಿಲ್ಲ ಎಂದಷ್ಟೇ ಅರ್ಥ. ಅದೇ ಏಟಿನಲ್ಲಿ ಥ್ರೆಡ್ಡಿನ (ತಿರುಪಿನ ಸುತ್ತುಗಳ) ಬುಡದಲ್ಲಿ ಕೂದಲೆಳೆಯಷ್ಟು ಬಿರುಕು ಬಿಟ್ಟಿದ್ದರೆ, ಪ್ಲಗ್ ಒಂದಿಷ್ಟು ಹಿಂದೆ ಸರಿದಿದ್ದರೆ, ನೋಡಿದವರಿಗೆ ತಿಳಿಯುವುದಿಲ್ಲ. ಪ್ರೂಫ್, ಅಂದರೆ ನಳಿಗೆಯ ಬಲವನ್ನು ಅಧಿಕೃತವಾಗಿ ಪರೀಕ್ಷಿಸಿ ಮುದ್ರೆ ಒತ್ತುವ ಕ್ರಮ, ಇರುವುದೇ ಬೇರೆ ರೀತಿಯಲ್ಲಿ. ಬರ್ಮಿಂಗ್‌ಹ್ಯಾಮಿನ ಪ್ರೂಫ್ ಹೌಸ್ 1813ರಲ್ಲಿ ಬ್ರಿಟಿಷ್ ಸಂಸತ್ತಿನ ಕಾಯ್ದೆಯ ಮೂಲಕ ಸ್ಥಾಪನೆಯಾಯಿತು. ಹಳೆಯ ವಿಲಾಯತಿ ನಳಿಗೆಗಳ ಹಿಂಭಾಗದಲ್ಲಿ ಅದರ ಮುದ್ರೆಯನ್ನು ಇಂದಿಗೂ ಕಾಣಬಹುದು. ಅಂಥಲ್ಲಿ ಹೆಚ್ಚಿನ ಮದ್ದಿನ ಏಟನ್ನು ಕೊಡುವುದು ಅರ್ಧ ಕೆಲಸ ಮಾತ್ರ, ಏಟಿನ ಮೊದಲು ಮತ್ತು ನಂತರ ಅಳತೆ ಮಾಡಿ, ಒಳಗೂ ಹೊರಗೂ ಕಣ್ಣಿಟ್ಟು ನೋಡುವುದು ಉಳಿದರ್ಧ. ಅಳತೆ ಇಲ್ಲದ ಏಟು ಪರೀಕ್ಷೆಯಲ್ಲ. ನಿಮ್ಮ ನಳಿಗೆಯ ಮೇಲೆ ಇಂಥ ಮುದ್ರೆ ಇದ್ದರೂ ಅದು ಆಗ ಅದರಲ್ಲಿದ್ದ ಪ್ಲಗ್ಗಿಗೆ ಸೇರಿ ಸಿಕ್ಕ ಮುದ್ರೆ, ಈಗಿನ ಪ್ಲಗ್ಗಿನ ಪರವಾಗಿ ಅದು ಏನನ್ನೂ ಹೇಳುವುದಿಲ್ಲ.

ಬ್ರೀಚ್ ಪ್ಲಗ್ಗಿನ ಕೆಲಸವೇನೆಂದು ಒಮ್ಮೆ ಮನಸ್ಸಿಗೆ ತಂದುಕೊಳ್ಳಿ. ನಳಿಗೆ ಎರಡೂ ಕಡೆ ತೆರೆದ ಕೊಳವೆ; ಅದರ ಹಿಂದಿನ ಬಾಯಿಯನ್ನು ಮುಚ್ಚಿರುವುದು ಈ ತಿರುಪಿನ ಬಿರಡೆ ಒಂದೇ. ಮದ್ದು ಉರಿದಾಗ ಗುಂಡನ್ನೋ ಚರೆಯನ್ನೋ ಮುಂದೆ ತಳ್ಳುವ ಒತ್ತಡ ಅಷ್ಟೇ ಬಲದಿಂದ ಈ ಬಿರಡೆಯನ್ನು ಹಿಂದೆ ತಳ್ಳುತ್ತದೆ. ಬಂದೂಕನ್ನು ಹೆಗಲಿಗೇರಿಸಿದಾಗ ಆ ಬಿರಡೆ ಇರುವುದು ನಿಮ್ಮ ಕೆನ್ನೆ ಮತ್ತು ಕಣ್ಣಿನ ನೇರಕ್ಕೆ.

ಆದ್ದರಿಂದ ಪರೀಕ್ಷೆಯ ಮೊದಲ ಹಂತಗಳೆಲ್ಲ ಮದ್ದಿಲ್ಲದೆ, ಕೇಪಿಲ್ಲದೆ, ಹಗಲು ಬೆಳಕಿನಲ್ಲಿ ಕಟ್ಟೆಯ ಮೇಲೆ ಕುಳಿತು ಮಾಡುವಂಥವು, ಮತ್ತು ಅವು ನೋಡುವ ಕೆಲಸಗಳೇ ಹೊರತು ದುರಸ್ತಿಯಲ್ಲ. ಎಲ್ಲಕ್ಕಿಂತ ಮೊದಲು ಬಂದೂಕು ಖಾಲಿ ಇದೆಯೇ ಎಂಬುದನ್ನು ಮದ್ದು ಜಡಿಯುವ ಗಜದಿಂದ ಖಚಿತಪಡಿಸಿಕೊಳ್ಳಬೇಕು. ಕೇಪಿಗೆ ಬಡಿಯುವ ಕುದುರೆಯನ್ನು ಅರ್ಧ ಎತ್ತಿ, ಕೇಪು ಕೂರುವ ರಂಧ್ರದ ಮೊಳೆಯಾದ ನಿಪ್ಪಲ್ ಮೇಲೆ ಕೇಪು ಇಲ್ಲವೆಂದು ನೋಡಿಕೊಳ್ಳಿ. ನಂತರ ಬಾಯಿಯ ಎದುರಿಗೆ ಮುಖ ತಾರದೆ ಗಜವನ್ನು ತಳ ಮುಟ್ಟುವವರೆಗೆ ನಳಿಗೆಯೊಳಗೆ ಇಳಿಸಿ, ಬಾಯಿಯ ಮಟ್ಟದಲ್ಲಿ ಅದಕ್ಕೆ ಉಗುರಿನಿಂದ ಗುರುತು ಮಾಡಿ ಹೊರತೆಗೆಯಿರಿ. ಅದೇ ಗಜವನ್ನು ನಳಿಗೆಯ ಹೊರಮೈಗೆ ಒತ್ತಿ ಹಿಡಿದು ಗುರುತನ್ನು ಬಾಯಿಗೆ ಸರಿಯಾಗಿ ಹೊಂದಿಸಿದರೆ, ಗಜದ ತುದಿ ಸುಮಾರಾಗಿ ನಿಪ್ಪಲ್ಲಿನ ನೇರಕ್ಕೆ ಬರಬೇಕು. ಹಲವು ವರ್ಷಗಳ ಹಿಂದೆ ಕಲಘಟಗಿಯ ಕಡೆಯಿಂದ ಬಂದ ಒಂದು ಬಂದೂಕಿನಲ್ಲಿ ಗಜದ ತುದಿ ಪೂರ್ತಿ ನಾಲ್ಕು ಬೆರಳು ಮುಂದೆಯೇ ನಿಂತಿತು. ಮನೆಯವರು ಅಟ್ಟದ ಮೇಲೆ ಹತ್ತು ವರ್ಷ ಖಾಲಿಯೇ ಇತ್ತೆಂದು ಹೇಳುತ್ತಿದ್ದರು. ಒಳಗೆ ತೆಂಗಿನ ಕತ್ತ, ಅದರ ಹಿಂದೆ ಮದ್ದು, ಮುಂದೆ ಚರೆ, ಎಲ್ಲವೂ ತುಂಬಿದ ದಿನ ಇದ್ದ ಹಾಗೆಯೇ ಇದ್ದವು. ಕರಿಮದ್ದು ಹಳೆಯದಾದರೆ ಸಾಯುವುದಿಲ್ಲ, ಒಣಗಿದ್ದರೆ ಹತ್ತು ವರ್ಷದ ನಂತರವೂ ಉರಿಯುತ್ತದೆ. ನಿಮ್ಮ ಬಂದೂಕಿನಲ್ಲಿ ಹೀಗೆ ಕಂಡುಬಂದರೆ ನಿಪ್ಪಲ್ಲಿನ ರಂಧ್ರದಿಂದಲೂ ಬಾಯಿಯಿಂದಲೂ ನೀರು ಹಾಕಿ ಮದ್ದು ನೆನೆಯುವಂತೆ ಮಾಡಿ, ಪರವಾನಗಿ ಇರುವ ದುರಸ್ತಿಗಾರರಿಗೆ ತಿಳಿಸಿ. ಹಾರಿಸಿ ಖಾಲಿ ಮಾಡುವ ಯೋಚನೆ ಬೇಡ, ಕಾಯಿಸುವ ಯೋಚನೆಯಂತೂ ಬೇಡವೇ ಬೇಡ.

ಖಾಲಿ ಎಂದು ಖಚಿತವಾದ ಮೇಲೆ ನಳಿಗೆ ಮತ್ತು ಪ್ಲಗ್ ಕೂಡುವ ಗೆರೆಯನ್ನು ನೋಡಿರಿ. ಒಳ್ಳೆಯ ಜೋಡಣೆಯಲ್ಲಿ ಆ ಗೆರೆ ಸುತ್ತಲೂ ಒಂದೇ ಸಣ್ಣದಾಗಿರುತ್ತದೆ, ತೆಳ್ಳನೆಯ ಕಾಗದದ ಅಂಚು ಅದರೊಳಗೆ ಇಳಿಯುವುದಿಲ್ಲ. ಗೆರೆಯ ಒಂದು ಬದಿಯಲ್ಲಿ ಮಸಿಯ ಕರೆ ಹರಡಿದ್ದರೆ ಬಿಸಿ ಗಾಳಿ ಅಲ್ಲಿಂದ ಹಿಂದೆ ನುಗ್ಗಿದೆ ಎಂದು ತಿಳಿಯಬೇಕು. ಗೆರೆಯ ಮೇಲೆ ವೆಲ್ಡಿಂಗ್ ಗುರುತು ಇದ್ದರೆ ಮುಂದೆ ನೋಡುವುದಕ್ಕೆ ಏನೂ ಉಳಿದಿಲ್ಲ. ಆ ಶಾಖ ನಳಿಗೆಯ ಉಕ್ಕನ್ನು ಏನು ಮಾಡಿದೆ ಎಂದು ಹೊರಗಿನಿಂದ ಹೇಳಲಾಗದು, ಅಂಥ ನಳಿಗೆಯನ್ನು ಬಳಸಬಾರದು.

ಹೊರಗಿನ ಈ ಗೆರೆಗಿಂತ ಮುಖ್ಯವಾದದ್ದು ಕಣ್ಣಿಗೆ ಕಾಣದ ಒಳಗಿನ ಗೆರೆ. ನಳಿಗೆಯೊಳಗೆ ಥ್ರೆಡ್ ಮುಗಿಯುವಲ್ಲಿ ಒಂದು ಸಣ್ಣ ಮೆಟ್ಟಿಲಿರುತ್ತದೆ. ಪ್ಲಗ್ಗಿನ ಮುಂಭಾಗದ ಮುಖ ಆ ಮೆಟ್ಟಿಲಿಗೆ ಗಟ್ಟಿಯಾಗಿ ಒತ್ತಿ ಕೂರಬೇಕು, ಆಗ ಮಾತ್ರ ಹೊಗೆಯೂ ಕಿಟ್ಟವೂ ಥ್ರೆಡ್ಡಿನೊಳಗೆ ಹೋಗುವುದಿಲ್ಲ. ಹೊರಗೆ ಮಾಡಿಸಿದ ಪ್ಲಗ್ಗುಗಳಲ್ಲಿ ನಾನು ಅತಿ ಹೆಚ್ಚು ಕಂಡ ದೋಷ ಇಲ್ಲಿಯದೇ. ಹಿಂದಿನ ಭುಜ ನಳಿಗೆಗೆ ತಾಗಿ ಬಿಗಿಯಾಗಿದೆ ಎಂದು ಮಾಡಿದವರು ತೃಪ್ತಿಪಟ್ಟಿರುತ್ತಾರೆ, ಆದರೆ ಮುಂದಿನ ಮುಖ ಮೆಟ್ಟಿಲನ್ನು ತಲುಪಿರುವುದೇ ಇಲ್ಲ. ನಡುವೆ ಅರ್ಧ ಮಿಲಿಮೀಟರೋ ಒಂದು ಮಿಲಿಮೀಟರೋ ಸುತ್ತು ಸಂದಿ ಉಳಿದಿರುತ್ತದೆ. ಹಾರಿಸಿದಾಗಲೆಲ್ಲ ಆ ಸಂದಿಯಲ್ಲಿ ಕಿಟ್ಟ ಸೇರುತ್ತದೆ, ತೊಳೆದಾಗಲೆಲ್ಲ ನೀರು ಸೇರುತ್ತದೆ, ಮತ್ತು ಎರಡೂ ಸೇರಿ ಥ್ರೆಡ್ಡನ್ನು ಒಳಗಿನಿಂದಲೇ ತಿನ್ನುತ್ತವೆ. ನಿಮ್ಮ ಮೂಲ ಪ್ಲಗ್ ತುಕ್ಕು ಹಿಡಿದು ಹಾಳಾಯಿತೆಂದು ಬರೆದಿದ್ದೀರಿ. ನಳಿಗೆಯ ಒಳಥ್ರೆಡ್ಡು ಹಾಳಾಗದೆ ಪ್ಲಗ್ಗಿನ ಹೊರಥ್ರೆಡ್ಡು ಮಾತ್ರ ಹಾಳಾಗಿತ್ತೆಂದು ನಂಬುವುದು ಕಷ್ಟ. ಹಾಗಾಗಿ ಹೊಸ ಪ್ಲಗ್ ಎಷ್ಟೇ ಚೆನ್ನಾಗಿದ್ದರೂ ಅದು ಹಿಡಿದುಕೊಂಡಿರುವ ಹಳೆಯ ಥ್ರೆಡ್ಡು ಹೇಗಿದೆ ಎಂಬುದೇ ಇಲ್ಲಿ ನಿಜವಾದ ಪ್ರಶ್ನೆ.

ಇನ್ನೊಂದು ದೋಷ ಅಳತೆಯದು. ಹಳೆಯ ನಳಿಗೆಗಳಲ್ಲಿ ಇಂಚಿನ ಥ್ರೆಡ್ ಇರುವುದು ಸಾಮಾನ್ಯ, ಈಗಿನ ಅಂಗಡಿಗಳಲ್ಲಿ ಕೈಗೆ ಸಿಗುವುದು ಮಿಲಿಮೀಟರ್ ಥ್ರೆಡ್. ಇಂಚಿಗೆ 18 ಸುತ್ತಿನ 5/8 ಇಂಚಿನ ಥ್ರೆಡ್ಡಿನ ವ್ಯಾಸ 15.875 ಮಿಲಿಮೀಟರ್, ಸುತ್ತಿನಿಂದ ಸುತ್ತಿಗೆ 1.41 ಮಿಲಿಮೀಟರ್, 16 ಮಿಲಿಮೀಟರಿನ ಸಣ್ಣ ಥ್ರೆಡ್ಡಿನಲ್ಲಿ ಅದೇ ಅಂತರ 1.5 ಮಿಲಿಮೀಟರ್. ಎರಡನ್ನೂ ಪಕ್ಕಪಕ್ಕ ಇಟ್ಟರೆ ಕಣ್ಣಿಗೆ ಒಂದೇ ತರಹ ಕಾಣುತ್ತವೆ. ಒಂದನ್ನು ಇನ್ನೊಂದರೊಳಗೆ ತಿರುಗಿಸಿದರೆ ಮೊದಲ ಒಂದೆರಡು ಸುತ್ತು ಹೋಗಿ ಆಮೇಲೆ ಬಿಗಿಯಾಗುತ್ತದೆ, ಮತ್ತು ಆ ಬಿಗಿಯನ್ನೇ ಭದ್ರತೆ ಎಂದು ತಪ್ಪು ತಿಳಿಯಲಾಗುತ್ತದೆ. ಅಲ್ಲಿ ಥ್ರೆಡ್ಡುಗಳು ಒಂದನ್ನೊಂದು ಕೆಡಿಸುತ್ತಿರುತ್ತವೆಯೇ ಹೊರತು ಹಿಡಿದುಕೊಂಡಿರುವುದಿಲ್ಲ. ನಿಪ್ಪಲ್ಲಿನಲ್ಲಿಯೂ ಇದೇ ತೊಡಕಿದೆ: ಕಾಲು ಇಂಚಿನ ಥ್ರೆಡ್ಡಿನ ಜಾಗದಲ್ಲಿ 6 ಮಿಲಿಮೀಟರಿನ ನಿಪ್ಪಲ್ ಸಡಿಲವಾಗಿ ಕೂರುತ್ತದೆ, ಒಂದು ದಿನ ಹಾರಿಬಂದು ಮುಖಕ್ಕೆ ಬಡಿಯುತ್ತದೆ.

ಒಮ್ಮೆ ನನ್ನ ಮೇಜಿಗೆ ಬಂದ ಪ್ಲಗ್ಗನ್ನು ಬಿಚ್ಚಿದಾಗ ಥ್ರೆಡ್ಡಿನ ಸುತ್ತ ಬಿಳಿಯ ಟೇಪ್ ಸುತ್ತಿದ್ದು ಕಂಡಿತು, ನೀರಿನ ನಳಕ್ಕೆ ಸುತ್ತುತ್ತಾರಲ್ಲ, ಅದೇ ಟೇಪ್. ಮೊದಲ ಮೂರು ಸುತ್ತಿನಲ್ಲಿ ಅದು ಸುಟ್ಟು ಕಪ್ಪಾಗಿತ್ತು, ಹಿಂದಿನ ಸುತ್ತುಗಳಲ್ಲಿ ಹಾಲಿನಂತೆ ಬೆಳ್ಳಗೇ ಇತ್ತು. ಟೇಪ್ ಕಿತ್ತು ಹಾಕಿ ಬರೀ ಪ್ಲಗ್ಗನ್ನು ನಳಿಗೆಗೆ ಹಾಕಿದರೆ ಅದು ಕೈಬೆರಳಿಗೇ ಅಲ್ಲಾಡುತ್ತಿತ್ತು. ಆ ಮನೆಯ ಯಜಮಾನರು ಅದರಿಂದ ಎರಡು ಸುಗ್ಗಿ ಹಂದಿ ಬೆದರಿಸಿದ್ದರು. ಆ ದಿನ ನನ್ನ ಕೈ ನಡುಗಿದ್ದು ನೆನಪಿದೆ. ನಿಮ್ಮ ಪ್ಲಗ್ಗಿನ ಗೆರೆಯಲ್ಲಿ ಟೇಪಿನ ಎಳೆಯೋ ಅಂಟಿನ ಪುಡಿಯೋ ಕಂಡರೆ ಬೇರೆ ಪರೀಕ್ಷೆಯ ಅಗತ್ಯವಿಲ್ಲ.

ಮನೆಯಲ್ಲಿಯೇ ಮಾಡಬಹುದಾದ ಒಂದು ಒಳ್ಳೆಯ ಪರೀಕ್ಷೆ ಸೋರಿಕೆಯದು. ನಿಪ್ಪಲ್ಲಿನ ಬಾಯಿಗೆ ಕಡ್ಡಿ ಚೂಪು ಮಾಡಿ ಬಿಗಿಯಾಗಿ ಸಿಕ್ಕಿಸಿ. ನಳಿಗೆಯ ಹಿಂಭಾಗವನ್ನು ಒಣ ಅರಿವೆಯಿಂದ ಚೆನ್ನಾಗಿ ಒರೆಸಿ, ಕೂಡುಗೆರೆಯ ಸುತ್ತ ಸೀಮೆಸುಣ್ಣದ ಪುಡಿಯನ್ನೋ ವಿಭೂತಿಯನ್ನೋ ತೆಳ್ಳಗೆ ಸವರಿ. ನಳಿಗೆಯನ್ನು ಬಾಯಿ ಮೇಲಾಗಿ ನಿಲ್ಲಿಸಿ ಒಳಗೆ ಒಂದು ಗೇಣಿನಷ್ಟು ಚಿಮಣಿ ಎಣ್ಣೆ ಹಾಕಿ, ಒಲೆ ದೀಪಗಳಿಂದ ದೂರದಲ್ಲಿ ರಾತ್ರಿಯೆಲ್ಲ ಬಿಡಿ. ಚಿಮಣಿ ಎಣ್ಣೆ ನೀರಿಗಿಂತ ಸಣ್ಣ ಸಂದಿಗೂ ನುಸುಳುತ್ತದೆ. ಬೆಳಿಗ್ಗೆ ಬಿಳಿಯ ಪುಡಿಯ ಮೇಲೆ ಒದ್ದೆಯ ಗೆರೆ ಮೂಡಿದ್ದರೆ ಪ್ಲಗ್ ಮುಂದೆಯೂ ಕೂತಿಲ್ಲ, ಥ್ರೆಡ್ಡಿನಲ್ಲಿಯೂ ಹಿಡಿದಿಲ್ಲ ಎಂದು ನಿರ್ಧರಿಸಬಹುದು. ಆದರೆ ಒಂದು ಮಾತನ್ನು ಮರೆಯಬಾರದು: ಸೋರಿದರೆ ಪ್ಲಗ್ ಕೆಟ್ಟದ್ದೆಂದು ತಿಳಿಯುತ್ತದೆ, ಸೋರದಿದ್ದರೆ ಒಳ್ಳೆಯದೆಂದು ತಿಳಿಯುವುದಿಲ್ಲ. ಕಿಟ್ಟ, ತುಕ್ಕು, ಗ್ರೀಸ್ ಕೂಡ ಸಂದಿಯನ್ನು ಮುಚ್ಚಿಕೊಂಡಿರಬಹುದು, ಮತ್ತು ಎಣ್ಣೆಯನ್ನು ತಡೆದ ತುಕ್ಕು ಮದ್ದಿನ ಒತ್ತಡವನ್ನು ತಡೆಯುವುದಿಲ್ಲ.

ಇನ್ನು ತೊಳೆಯುವ ವಿಷಯ. ಹಿರಿಯರು ಹೇಳಿದ ಚಿಮಣಿ ಎಣ್ಣೆಯ ಕ್ರಮ ತಪ್ಪು, ಮತ್ತು ಅದು ಏಕೆ ತಪ್ಪು ಎಂದು ತಿಳಿದರೆ ನೀವು ಜೀವನದಲ್ಲಿ ಮತ್ತೆ ಹಾಗೆ ಮಾಡುವುದಿಲ್ಲ. ಕರಿಮದ್ದು ಎಂದರೆ ಸುಮಾರು 75 ಪಾಲು ಪೆಟ್ಲುಪ್ಪು, 15 ಪಾಲು ಇದ್ದಿಲು, 10 ಪಾಲು ಗಂಧಕ. ಅದು ಉರಿದಾಗ ಎಲ್ಲವೂ ಹೊಗೆಯಾಗಿ ಹೋಗುವುದಿಲ್ಲ; ತೂಕದ ಅರ್ಧಕ್ಕಿಂತ ಹೆಚ್ಚು ಪಾಲು ಪೊಟ್ಯಾಸಿಯಂ ಕಾರ್ಬೋನೇಟ್, ಪೊಟ್ಯಾಸಿಯಂ ಸಲ್ಫೇಟ್, ಸಲ್ಫೈಡ್ ಮೊದಲಾದ ಘನವಸ್ತುವಾಗಿ ಉಳಿಯುತ್ತದೆ, ಕೆಲವು ಭಾಗ ಹೊಗೆಯೊಂದಿಗೆ ಹಾರಿದರೂ ಉಳಿದದ್ದು ನಳಿಗೆಯ ಗೋಡೆಗೆ ಅಂಟುತ್ತದೆ. ಕೇಪಿನಲ್ಲಿ ಪೊಟ್ಯಾಸಿಯಂ ಕ್ಲೋರೇಟ್ ಇದ್ದರೆ ಅದು ಉರಿದು ಅಡುಗೆ ಉಪ್ಪಿನ ಸಹೋದರನಂಥ ಇನ್ನೊಂದು ಉಪ್ಪನ್ನು ಬಿಡುತ್ತದೆ. ಇವುಗಳಲ್ಲಿ ಕೆಲವು ಗಾಳಿಯ ತೇವವನ್ನು ಎಳೆದುಕೊಳ್ಳುವ ಉಪ್ಪುಗಳು; ಎಲ್ಲವೂ ನೀರಿನಲ್ಲಿ ಕರಗುತ್ತವೆ, ಚಿಮಣಿ ಎಣ್ಣೆಯಲ್ಲಾಗಲಿ ಡೀಸೆಲ್ಲಿನಲ್ಲಾಗಲಿ ಕರಗುವುದಿಲ್ಲ. ಎಣ್ಣೆಯಿಂದ ಒರೆಸಿದಾಗ ಮಸಿ ಹೋಗಿ ನಳಿಗೆ ಹೊಳೆಯುತ್ತದೆ, ಉಪ್ಪು ಎಣ್ಣೆಯ ಪೊರೆಯ ಕೆಳಗೆ ಹಾಗೆಯೇ ಉಳಿಯುತ್ತದೆ. ಗದಗಿನ ಒಣ ಹವೆಯಲ್ಲಿ ಇದರ ಕೆಡುಕು ತಡವಾಗಿ ಕಾಣಬಹುದು, ನಿಮ್ಮ ಹಾನಗಲ್ಲಿನ ಮಳೆಗಾಲದಲ್ಲಿ ಒಂದೇ ವಾರ ಸಾಕು.

ಆದ್ದರಿಂದ ನೀರೇ ಬೇಕು, ಮತ್ತು ಹಾರಿಸಿದ ದಿನವೇ ಬೇಕು. ಬೆಣೆಯಿಂದ ಹಿಡಿದಿರುವ ನಳಿಗೆಯಾದರೆ ಬೆಣೆ ತೆಗೆದು ಕಟ್ಟಿಗೆಯ ಹಿಡಿಕೆಯಿಂದ ಬೇರೆ ಮಾಡಿ. ಸುಲಭವಾಗಿ ಬಾರದಿದ್ದರೆ ಬಲ ಹಾಕದೆ, ಕಟ್ಟಿಗೆಗೆ ನೀರು ತಾಗದಂತೆ ನೋಡಿಕೊಂಡು ಕೆಲಸ ಮಾಡಿ. ನಿಪ್ಪಲ್ ತೆಗೆದು ಅದನ್ನು ಬೇರೆಯಾಗಿ ಬಿಸಿನೀರಿನ ಬಟ್ಟಲಲ್ಲಿ ಹಾಕಿ. ಕೈ ತಾಳುವಷ್ಟು ಬೆಚ್ಚನೆಯ ನೀರಿಗೆ ಒಂದಿಷ್ಟು ಸೋಪು ಕರಗಿಸಿದ ಬಕೆಟ್ಟಿನಲ್ಲಿ ನಳಿಗೆಯ ಹಿಂಭಾಗವನ್ನು ಇಳಿಸಿ, ಗಜದ ತುದಿಗೆ ಹಳೆಯ ಪಂಚೆಯ ಚೂರು ಸುತ್ತಿ ಒಳಗೆ ಮೇಲೆ ಕೆಳಗೆ ಆಡಿಸಿದರೆ, ನಿಪ್ಪಲ್ಲಿನ ರಂಧ್ರದ ಮೂಲಕ ನೀರು ಪಂಪಿನಂತೆ ಒಳಗೆ ಬಂದು ಹೊರಗೆ ಹೋಗುತ್ತದೆ. ಮೊದಲ ಬಕೆಟ್ಟಿನ ನೀರು ಮಸಿ ಕಲಸಿದಂತೆ ಕಪ್ಪಾಗುತ್ತದೆ, ಕೊಳೆತ ಮೊಟ್ಟೆಯ ವಾಸನೆ ಬರುತ್ತದೆ. ಆ ವಾಸನೆ ಸಲ್ಫೈಡಿನದು. ವಾಸನೆ ನಿಂತು ನೀರು ತಿಳಿಯಾಗುವವರೆಗೆ ನೀರು ಬದಲಿಸುತ್ತಿರಿ, ಕೊನೆಗೆ ಸೋಪಿಲ್ಲದ ಶುದ್ಧ ನೀರಿನಲ್ಲಿ ಒಮ್ಮೆ ಆಡಿಸಿ. ಕೆಲವರು ಕುದಿಯುವ ನೀರನ್ನೇ ಮೊದಲಿನಿಂದ ಹಾಕುತ್ತಾರೆ. ಬಿಸಿಯಾದ ಉಕ್ಕಿನ ಮೇಲೆ ನೋಡನೋಡುತ್ತಲೇ ಕೆಂಪು ತುಕ್ಕಿನ ಪೊರೆ ಏಳುವುದನ್ನು ಕಂಡಿರುವುದರಿಂದ ನಾನು ಅದನ್ನು ಮೆಚ್ಚುವುದಿಲ್ಲ. ತೊಳೆದಾದ ಮೇಲೆ ಒಣ ಅರಿವೆಯ ಚೂರುಗಳನ್ನು ಒಂದರ ಹಿಂದೆ ಒಂದರಂತೆ ಇಳಿಸಿ, ಕೊನೆಯ ಚೂರು ಒಣಗಿಯೇ ಹೊರಬರುವವರೆಗೆ ಒರೆಸಿರಿ.

ಎಣ್ಣೆಯ ಆಯ್ಕೆಯಲ್ಲಿ ನಮ್ಮ ಭಾಗದವರು ಮಾಡುವ ತಪ್ಪೊಂದಿದೆ. ಮನೆಯಲ್ಲಿ ಇದೆಯೆಂದು ಕುಸುಬಿ ಎಣ್ಣೆ ಸವರುತ್ತಾರೆ. ಕುಸುಬಿ ಎಣ್ಣೆ ಗಾಳಿಗೆ ಒಣಗಿ ಪೊರೆಗಟ್ಟುವ ಜಾತಿಯದು. ಕುದುರೆಯ ಯಂತ್ರದೊಳಗೆ ಅದು ಅಂಟಾಗಿ ಕೂತರೆ ಕುದುರೆ ತಡವರಿಸಿ ಬೀಳುತ್ತದೆ. ಲೋಹಕ್ಕೆ ಹೊಲಿಗೆ ಯಂತ್ರದ ತೆಳ್ಳನೆಯ ಎಣ್ಣೆ ಸಾಕು. ಅಗಸೆ ಎಣ್ಣೆಗೂ ಒಣಗಿ ಪೊರೆಗಟ್ಟುವ ಗುಣವೇ ಇದೆ, ಆದರೆ ಕಟ್ಟಿಗೆಯ ಹಿಡಿಕೆಗೆ ಆ ಗುಣವೇ ರಕ್ಷಣೆ.

ಎಣ್ಣೆ ಸವರಿಟ್ಟ ಮೇಲೆ ಕೆಲಸ ಮುಗಿಯಿತೆಂದು ತಿಳಿಯದೆ ಮೂರನೆಯ ದಿನ ಮತ್ತೆ ಒಂದು ಬಿಳಿಯ ಅರಿವೆಯ ಚೂರನ್ನು ತಳ ಮುಟ್ಟುವಂತೆ ಇಳಿಸಿ, ಒತ್ತಿ ಒಂದು ಸುತ್ತು ತಿರುಗಿಸಿ ಹೊರತೆಗೆಯಿರಿ. ನಿಮ್ಮ ಬಂದೂಕಿಗೆ ನಾನು ಹೇಳಬಹುದಾದ ಅತ್ಯಂತ ಉಪಯುಕ್ತ ಪರೀಕ್ಷೆ ಇದೇ. ಅರಿವೆ ಎಲ್ಲ ಕಡೆ ಸ್ವಚ್ಛವಾಗಿದ್ದು, ಅಂಚಿನಲ್ಲಿ ಮಾತ್ರ ಬಳೆಯಂತೆ ದುಂಡಗೆ ಕಂದು ಗೆರೆಯೊಂದು ಮೂಡಿದ್ದರೆ, ಪ್ಲಗ್ಗಿನ ಮುಖಕ್ಕೂ ಮೆಟ್ಟಿಲಿಗೂ ನಡುವೆ ನೀರು ಉಳಿಯುವಷ್ಟು ಸಂದಿ ಇದೆ ಎಂದೇ ನಾನು ತಿಳಿಯುತ್ತೇನೆ. ಐದಾರು ಮಿಲಿಮೀಟರ್ ದಪ್ಪದ, ಮೊಬೈಲಿಗೆ ಜೋಡಿಸುವ ಸಣ್ಣ ಕ್ಯಾಮೆರಾಗಳು ಈಗ ಸಿಗುತ್ತವೆ. ಅಂಥದ್ದೊಂದನ್ನು ನಳಿಗೆಯೊಳಗೆ ಇಳಿಸಿ ನೋಡಿದರೆ ಅದೇ ಜಾಗದಲ್ಲಿ ಕಪ್ಪು ಉಂಗುರ ಕಾಣುತ್ತದೆ. ಆ ಚಿತ್ರವನ್ನು ದುರಸ್ತಿಗಾರರಿಗೆ ತೋರಿಸಿ.

ಅಳಿಯಂದಿರು ಹೇಳಿದ್ದು ಅವರ ಕಡೆಯ ಬಂದೂಕಿಗೆ ಸರಿಯೇ. ಅಲ್ಲಿ ಈಗ ಹೆಚ್ಚು ಬಳಕೆಯಲ್ಲಿರುವ ಬಾಯಿಯಿಂದ ತುಂಬುವ ರೈಫಲ್ಲುಗಳಲ್ಲಿ ಕಿಡಿ ನೇರ ಹಿಂದಿನಿಂದಲೇ ಬರುತ್ತದೆ, ಕೇಪಿನ ಬದಲು ತೋಟೆಗೆ ಹಾಕುವ, ಕಿಡಿ ಕೊಡುವ 209 ಪ್ರೈಮರ್ ಬಳಸುತ್ತಾರೆ, ಬ್ರೀಚ್ ಪ್ಲಗ್ಗನ್ನು ಮೊದಲಿನಿಂದಲೂ ಬಿಚ್ಚಿ ತೊಳೆಯುವುದಕ್ಕೆಂದೇ ಮಾಡಿರುತ್ತಾರೆ. ಅವುಗಳಿಗೆ ಬೇರೆ ತಯಾರಕರ ಪ್ಲಗ್ಗುಗಳೂ ಸಿಗುತ್ತವೆ. ಅಂಥ ಪ್ಲಗ್ಗನ್ನು ಪ್ರತಿ ಸಲ ಬಿಚ್ಚಿ, ನಡುವಿನ ಕಿಡಿರಂಧ್ರದ ಕಿಟ್ಟ ತೆಗೆದು, ಥ್ರೆಡ್ಡಿಗೆ ಹಿಡಿದುಕೊಳ್ಳದಂತೆ ತಡೆಯುವ ಗ್ರೀಸ್ ಹಚ್ಚಿ ಮರಳಿ ಹಾಕಬೇಕು, ಸುಮಾರು 0.76 ಮಿಲಿಮೀಟರಿನ ಆ ರಂಧ್ರ ಬಳಸುತ್ತ ಸವೆದು ದೊಡ್ಡದಾದರೆ ಹಿಂದೆ ನುಗ್ಗುವ ಗಾಳಿ ಹೆಚ್ಚುವುದರಿಂದ ಅದನ್ನೂ ಅಳೆಯುತ್ತಿರಬೇಕು. ನಿಮ್ಮ ಕೇಪಿನ ಬಂದೂಕಿನ ಪ್ಲಗ್ ಒಮ್ಮೆ ಬಿಗಿದರೆ ಹಾಗೆಯೇ ಇರಬೇಕಾದದ್ದು. ಪೈಪ್ ಪಾನಾ ಹಾಕಿ ಅದನ್ನು ಪ್ರತಿ ಸಲ ತಿರುಗಿಸಿದರೆ ಇದ್ದ ಹಿಡಿತವೂ ಹೋಗುತ್ತದೆ. ಈಗ ಒಂದು ಸಲ ಬಿಚ್ಚಲೇಬೇಕು, ಆದರೆ ಅದು ದುರಸ್ತಿಗಾರರ ಕೈಯಲ್ಲಿ, ನಳಿಗೆಯನ್ನು ಹಿಡಿಯುವ ಸರಿಯಾದ ಹಿಡಿಗಟ್ಟಿನಲ್ಲಿ ಆಗಬೇಕಾದ ಕೆಲಸ.

ಮದ್ದಿನ ಬಗ್ಗೆ ಒಂದೇ ಮಾತು. ಈ ಬಂದೂಕಿಗೆ ಕರಿಮದ್ದು ಮಾತ್ರ. ತೋಟೆ ಒಡೆದು ತೆಗೆದ ಹೊಗೆಯಿಲ್ಲದ ಮದ್ದನ್ನು ಅರ್ಧ ಚಮಚ ಹಾಕಿದರೂ ಎಂಥ ಒಳ್ಳೆಯ ಪ್ಲಗ್ಗೂ ನಳಿಗೆಯೂ ಉಳಿಯುವ ಭರವಸೆಯಿಲ್ಲ.

ಚುನಾವಣೆಯ ಕಾಲದಲ್ಲಿ ಬಂದೂಕುಗಳನ್ನು ಠಾಣೆಯಲ್ಲಿ ಠೇವಣಿ ಇಡಬೇಕಾಗುತ್ತದೆಂದು ನಿಮಗೆ ಗೊತ್ತಿದೆ. 2023ರ ವಿಧಾನಸಭೆಯ ಮತದಾನವೂ 2024ರಲ್ಲಿ ನಮ್ಮ ಭಾಗದ ಲೋಕಸಭೆಯ ಮತದಾನವೂ ಮೇ ತಿಂಗಳಲ್ಲಿ ನಡೆದವು. ಮರಳಿ ಪಡೆಯುವ ಹೊತ್ತಿಗೆ ಮುಂಗಾರು ಹತ್ತಿರವಾಗಿರುತ್ತದೆ. ತೊಳೆಯದೆ ಠೇವಣಿ ಇಟ್ಟ ಬಂದೂಕುಗಳು ಆ ವಾರಗಳಲ್ಲಿ ಕೆಟ್ಟಷ್ಟು ವರ್ಷದ ಬಳಕೆಯಲ್ಲಿ ಕೆಡುವುದಿಲ್ಲ. ಇಡುವ ಮುನ್ನ ತೊಳೆದು ಎಣ್ಣೆ ಹಾಕಿ, ರಸೀದಿ ಪಡೆದು ಇಡಿ, ತಂದ ದಿನವೇ ಮತ್ತೆ ಬಿಳಿಯ ಅರಿವೆ ಇಳಿಸಿ ನೋಡಿ.

ಈಗ ಮಾಡಬೇಕಾದದ್ದು ಇಷ್ಟು. ಬಂದೂಕನ್ನು ತುಂಬದೆ ಇಟ್ಟುಕೊಳ್ಳಿ. ಪರವಾನಗಿಯ ಪುಸ್ತಕದೊಂದಿಗೆ, ದುರಸ್ತಿಗೆ ಅಧಿಕೃತ ಪರವಾನಗಿ ಇರುವ ಅಂಗಡಿಗೆ ಒಯ್ದು ಪ್ಲಗ್ ಬಿಚ್ಚಿಸಿ, ನಳಿಗೆಯ ಒಳಥ್ರೆಡ್ಡನ್ನು ನಿಮ್ಮ ಎದುರಿನಲ್ಲಿಯೇ ನೋಡಿಸಿ. ಆ ಥ್ರೆಡ್ಡು ತಿಂದು ಹೋಗಿದ್ದರೆ ಹೊಸ ಪ್ಲಗ್ಗಿಗೆ ಹಣ ಹಾಕಬೇಡಿ, ಬಂದೂಕನ್ನು ಬಿಟ್ಟುಕೊಡುವ ಕ್ರಮವನ್ನು ಜಿಲ್ಲಾಧಿಕಾರಿ ಕಚೇರಿಯಲ್ಲಿ ವಿಚಾರಿಸಿ. ತಂದೆಯವರ ವಸ್ತು ಎಂಬ ಮಮತೆ ನನಗೆ ಅರ್ಥವಾಗುತ್ತದೆ, ಆದರೂ ಹೇಳುತ್ತಿದ್ದೇನೆ. ಥ್ರೆಡ್ಡು ಚೆನ್ನಾಗಿದ್ದರೆ ಮೆಟ್ಟಿಲಿಗೆ ಕೂರುವ ಪ್ಲಗ್ ಹಾಕಿಸಿ, ಹಾರಿಸಿ ನೋಡುವ ಪರೀಕ್ಷೆಯನ್ನೂ ಅವರ ಪರವಾನಗಿಯ ಅಡಿಯಲ್ಲಿ, ಹೆಗಲಿಗೆ ಏರಿಸದೆ ಸ್ಥಿರವಾದ ಚೌಕಟ್ಟಿಗೆ ಬಿಗಿದು ಮಾಡಲಿ. ಏನು ಮಾಡಿದರೆಂದು ದಿನಾಂಕದೊಂದಿಗೆ ಬರೆಸಿಕೊಳ್ಳಿ. ಬೆಳೆ ರಕ್ಷಣೆಯ ಪರವಾನಗಿ ಹಂದಿ ಹೊಡೆಯುವ ಅನುಮತಿಯಲ್ಲ, ಅದಕ್ಕೆ ಅರಣ್ಯ ಇಲಾಖೆಯ ಪ್ರತ್ಯೇಕ ಅನುಮತಿ ಬೇಕು ಎಂಬುದನ್ನೂ ಇಲ್ಲಿಯೇ ಸೇರಿಸುತ್ತೇನೆ. ಪ್ಲಗ್ ಬಿಗಿದ ಮೇಲೆ ನಳಿಗೆಯಿಂದ ಪ್ಲಗ್ಗಿನ ಮೇಲೆ ಹಾಯುವಂತೆ ಸಣ್ಣ ಉಳಿಯಿಂದ ಒಂದು ಗೆರೆ ಹಾಕಿಕೊಡಲು ಅವರನ್ನು ಕೇಳಿ, ಮತ್ತು ಪ್ರತಿ ಸಲ ತೊಳೆದಾಗ ಆ ಗೆರೆಯನ್ನು ಬೆಳಕಿಗೆ ಹಿಡಿದು ನೋಡಿ. ಅದರ ಎರಡು ಅರ್ಧಗಳು ಒಂದಕ್ಕೊಂದು ಕೂಡದೆ ಕೂದಲೆಳೆಯಷ್ಟು ಸರಿದಿದ್ದು ಕಂಡರೂ ಆ ದಿನವೇ ಬಂದೂಕನ್ನು ಮರಳಿ ಅವರಲ್ಲಿಗೆ ಒಯ್ಯಿರಿ.